ವಾಡೆ ಬುಕ್ ಆಗುವ ಮೊದಲು

೧

ಈ ಕಥೆಯನ್ನು ಎಲ್ಲಿಂದ ಶುರುಮಾಡಬೇಕೆಂದು ಮೂರು ವಾರ ಯೋಚಿಸಿದೆ. ಮದುವೆಯಿಂದ ಶುರುಮಾಡಿದರೆ ಮೊದಲ ಪುಟದಲ್ಲೇ ಅಕ್ಷತೆ ಬಿದ್ದುಹೋಗುತ್ತದೆ, ಆಮೇಲೆ ಹೇಳಲು ಊಟದ ಮೆನು ಒಂದೇ ಉಳಿಯುತ್ತದೆ. ಇತಿಹಾಸದಿಂದ ಶುರುಮಾಡೋಣವೆಂದರೆ ಪುಣೆಯಲ್ಲಿ ಇತಿಹಾಸ ಹೇಳುವವರಿಗೇನೂ ಬರವಿಲ್ಲ. ಇಲ್ಲಿ ರಿಕ್ಷಾದವನು ಮೀಟರ್ ಹಾಕಲು ಮರೆತರೂ ಪೇಶವೆಯರ ಕಾಲದ ಮಾತು ಮರೆಯುವುದಿಲ್ಲ.

ಹಾಗಾಗಿ ೨೦೦೨ರ ಒಂದು ಭಾನುವಾರ ಬೆಳಿಗ್ಗೆ, ಪೇಠೆಯ ಹಳೆಯ ವಾಡೆಯೊಂದರ, ಎಂದರೆ ಈಗ ಮದುವೆಗಳಿಗೆ ಬಾಡಿಗೆಗೆ ಸಿಗುವ ಸರದಾರರ ಅಂಗಳದ ಮನೆಯೊಂದರ, ದೊಡ್ಡ ಬಾಗಿಲಿಗೆ ಮೂವರನ್ನು ತಂದು ನಿಲ್ಲಿಸುತ್ತೇನೆ. ನೀವು ನಾಲ್ಕನೆಯವರಾಗಿ ನಿಂತುಕೊಳ್ಳಿ. ಚಪ್ಪಲಿ ಹೊರಗೆ ಬಿಡಿ, ಹೆರಿಟೇಜ್ ಅಂತೆ.

೨

ಸಿದ್ರಾಮಪ್ಪ, ಇಂಡಿ ಕಡೆಯವರು, ಮಾರ್ಕೆಟ್ ಯಾರ್ಡಿನಲ್ಲಿ ಜೋಳ ಕಡಲೆಯ ವ್ಯಾಪಾರ. ಅವರ ಹೆಂಡತಿ ಕಾಶವ್ವ. ಮಗಳು ಸ್ನೇಹಲ್, ಹಡಪಸರದ ಆಫೀಸೊಂದರಲ್ಲಿ ನೌಕರಿ, ವೈಶಾಖದಲ್ಲಿ ಪಿಂಪ್ರಿಯ ಸ್ವಪ್ನಿಲ್ ಜೊತೆ ಮದುವೆ. ವಾಡೆಯನ್ನು ಆರಿಸಿದವಳು ಅವಳೇ. ಅವಳ ಗೆಳತಿಯರೆಲ್ಲ ಟ್ಯೂಬ್‌ಲೈಟಿನ ಮಂಗಲ ಕಾರ್ಯಾಲಯಗಳಲ್ಲಿ ಪ್ಲಾಸ್ಟಿಕ್ ಕುರ್ಚಿಗಳ ಸಾಕ್ಷಿಯಾಗಿ ಮದುವೆಯಾಗಿದ್ದರು. ಇವಳಿಗೆ ಫೋಟೋದಲ್ಲಿ ಸಾಗುವಾನಿ ಕಂಬಗಳು ಬೇಕಿದ್ದವು. (ನನಗೂ ಬೇಕಿದ್ದವು. ಪ್ಲಾಸ್ಟಿಕ್ ಕುರ್ಚಿ ಇಟ್ಟುಕೊಂಡು ಯಾರು ಕಥೆ ಬರೆಯುತ್ತಾರೆ?)

ಮೊದಲ ಡ್ರಾಫ್ಟಿನಲ್ಲಿ ಸಿದ್ರಾಮಪ್ಪ ವಾಡೆ ನೋಡಿ ಬೆರಗಾಗಿ ನಿಂತಿದ್ದರು. ಅದನ್ನು ಹರಿದು ಹಾಕಬೇಕಾಯಿತು. ಅವರೇನೂ ಬೆರಗಾಗಲಿಲ್ಲ. ಆರು ವರ್ಷ ಇದೇ ವಾಡೆಯ ಹಿಂಬದಿಯ ಖೋಲಿಯಲ್ಲಿ ಬಾಡಿಗೆಗಿದ್ದವರು ಬೆರಗಾಗುವುದೆಲ್ಲಿಂದ ಬಂತು? ಅಲ್ಲಿಂದ ಹೊರಟಾಗ ಸ್ನೇಹಲ್ ಎರಡು ವರ್ಷದ ಕೂಸು, ಅವಳಿಗೆ ನೆನಪಿಲ್ಲ. ಮಗಳು ಆರಿಸಿದ ಜಾಗ ಯಾವುದೆಂದು ತಿಳಿದೂ ಅಪ್ಪ ಬಾಯಿ ಬಿಟ್ಟಿರಲಿಲ್ಲ. ಅವರ ಹೊಟ್ಟೆಯಲ್ಲಿ ಒಂದು ಹಳೆಯ ಸಿಟ್ಟಿತ್ತು. ಅದು ನನ್ನ ಕಥೆಗೆ ಬಹಳ ಉಪಯೋಗಕ್ಕೆ ಬರುವ ಸಿಟ್ಟಾಗಿತ್ತು.

ಕಾಶವ್ವ ಮಾತ್ರ ಹೊಸ್ತಿಲ ಹೊರಗೇ ನಿಂತರು. ಇಲ್ಲಿ ಬೇಡ, ಕಾರ್ಯಾಲಯವೇ ಚಲೋ ಎಂದರು. ಯಾಕೆಂದು ಕೇಳಿದರೆ ಹೇಳಲಿಲ್ಲ. ಗಂಡನಿಗೆ ಹೇಳಲಿಲ್ಲ, ಮಗಳಿಗೆ ಹೇಳಲಿಲ್ಲ, ಲೇಖಕನೆಂಬ ಕಾರಣಕ್ಕೆ ನನಗೂ ರಿಯಾಯಿತಿ ಇರಲಿಲ್ಲ.

೪

(ಮೂರು ಎಲ್ಲಿ ಎಂದು ಹುಡುಕಬೇಡಿ. ಅದರಲ್ಲಿ ಕಂಬಗಳ ವರ್ಣನೆ ಇತ್ತು.)

ಮ್ಯಾನೇಜರ್ ಅವಧೂತ ಎಲ್ಲವನ್ನೂ ತೋರಿಸಿದ. ಸರದಾರರು ಪಗಡೆಯಾಡಿದ ಕಟ್ಟೆ ತೋರಿಸಿದ. ಅದು ಬಾಡಿಗೆದಾರರು ನೀರಿಗೆ ಪಾಳಿ ಹಚ್ಚುತ್ತಿದ್ದ ಕಟ್ಟೆ. ಕುದುರೆ ಲಾಯವೆಂದು ತೋರಿಸಿದ್ದು ಹನ್ನೊಂದು ಕುಟುಂಬಗಳ ಸಂಡಾಸು. ಸಿದ್ರಾಮಪ್ಪ ಮೀಸೆಯಲ್ಲೇ ನಗುತ್ತ ಹ್ಞೂಂ ಹ್ಞೂಂ ಎನ್ನುತ್ತಿದ್ದರು. ಕೊನೆಗೆ ಅವಧೂತ ಹಿಂಬದಿಯ ಖೋಲಿಯ ಬಾಗಿಲು ತೆರೆದು, ಇದು ರಾಣಿಯವರ ಶೃಂಗಾರದ ಕೋಣೆ, ನಮ್ಮಲ್ಲಿ ವಧು ಸಿಂಗರಿಸಿಕೊಳ್ಳುವುದು ಇಲ್ಲೇ ಎಂದ. ಒಳಗೆ ಆಳೆತ್ತರದ ಕನ್ನಡಿ, ಮಂಚ, ಎಸಿ.

ಯಾವಾಗ ಒಳಗೆ ಬಂದಿದ್ದರೋ, ಹಿಂದಿನಿಂದ ಕಾಶವ್ವನ ದನಿ ಕೇಳಿತು.

"ಇಲ್ಲಿ ಯಾವ ರಾಣಿನೂ ಇದ್ದಿಲ್ಲ. ನಾ ಇದ್ದೆ."

೫

ಇನ್ನು ಮುಚ್ಚಿಡುವುದೇನು ಎಂದು ಸಿದ್ರಾಮಪ್ಪ ಮಗಳಿಗೆ ಎಲ್ಲ ಹೇಳಿದರು. ಅವಳು ಹುಟ್ಟಿದ್ದು ಇದೇ ಖೋಲಿಯಲ್ಲಿ. ಅವತ್ತು ಅಂಗಳದಲ್ಲಿ ಮಾಲೀಕರ ಮಗಳ ಮದುವೆ. ಸೂಲಗಿತ್ತಿಯನ್ನು ಕರೆತರಲು ಹೊರಟ ಸಿದ್ರಾಮಪ್ಪನವರನ್ನು ಮಾಲೀಕರ ಕಡೆಯವರು ದೊಡ್ಡ ಬಾಗಿಲಲ್ಲಿ ತಡೆದು, ಮುಹೂರ್ತದ ಹೊತ್ತಿಗೆ ಇಂಥ ಕೆಲಸಕ್ಕೆ ಹೊರಟು ಎದುರು ಬರಬೇಡ ಎಂದು ಸಂಡಾಸಿನ ಓಣಿಯಿಂದ ಕಳಿಸಿದ್ದರು. ಮಾಲೀಕರ ಮನೆಯ ಮುದುಕಿ ಖೋಲಿಯ ಬಾಗಿಲಿಗೇ ಬಂದು, ಕೂಸು ಅತ್ತದ್ದು ಮದುವೆ ಮಾಡಿಸುವ ಗುರೂಜಿಯ ಕಿವಿಗೆ ಬಿದ್ದರೆ ಸೂತಕವೆಂದು ಮದುವೆ ನಿಲ್ಲುತ್ತದೆ, ಅಕ್ಷತೆ ಬೀಳುವ ತನಕ ಸುಮ್ಮನಿರಿಸು, ಇಲ್ಲದಿದ್ದರೆ ಖೋಲಿ ಬಿಡಿಸುತ್ತೇನೆ ಎಂದಿದ್ದಳು. ಬಾಡಿಗೆದಾರರ ಹೆರಿಗೆಯ ಸೂತಕ ಮಾಲೀಕರಿಗೆ ತಗಲುತ್ತದೆಂದು ಯಾವ ಶಾಸ್ತ್ರದಲ್ಲೂ ಇಲ್ಲ. ಆದರೆ ಹೆದರಿಕೆ ಶಾಸ್ತ್ರ ಓದಿಕೊಂಡು ಬರುವುದಿಲ್ಲವಲ್ಲ. ಇನ್ನು ಸಿದ್ರಾಮಪ್ಪನವರು ಲಿಂಗ ಕಟ್ಟಿಕೊಂಡವರು, ಅವರಿಗೆ ಸೂತಕವೆಂಬುದೇ ಇಲ್ಲ. ಇಲ್ಲದ ಸೂತಕವನ್ನು ಅವರು ಕಂಡವರ ಮದುವೆಗಾಗಿ ಆಚರಿಸಬೇಕಾಯಿತು.

"ಅದಕ್ಕ ಅದ ಬಾಗಲಾಗಿಂದ ನನ್ನ ಮಗಳ ದಿಬ್ಬಣ ಬರಬೇಕು," ಎಂದರು ಸಿದ್ರಾಮಪ್ಪ. "ಬ್ಯಾಂಡ ಹಚ್ಚಿ ಬರಬೇಕು."

ಮುಕ್ತಾಯ ಒಂದು: ದಿಬ್ಬಣ ಬರುತ್ತದೆ, ಬ್ಯಾಂಡು ಬಡಿಯುತ್ತದೆ, ನ್ಯಾಯ ಸಿಗುತ್ತದೆ, ಓದುಗರ ಕಣ್ಣು ಒದ್ದೆಯಾಗುತ್ತದೆ. ಇದನ್ನು ನಾನು ಫೇರ್ ಕಾಪಿ ಮಾಡಿ ಇಟ್ಟಿದ್ದೆ.

ಮುಕ್ತಾಯ ಎರಡು: ಹೆಂಡತಿಗಾಗಿ ಗಂಡ ಸೋಲುತ್ತಾನೆ, ಮದುವೆ ಕಾರ್ಯಾಲಯದಲ್ಲಿ. ಪ್ಲಾಸ್ಟಿಕ್ ಕುರ್ಚಿ. ಬೇಡ.

೬

ಕಾಶವ್ವನವರೇ, ಅವಮಾನ ಮಾಡಿದವರ ಮನೆಯನ್ನೇ ಬಾಡಿಗೆಗೆ ಹಿಡಿದು ಮೆರೆಯುವ ಅವಕಾಶ ಕೊಡುತ್ತಿದ್ದೇನೆ, ಒಪ್ಪಿಕೊಳ್ಳಿ ಎಂದೆ. ಹೋಗಲಿ, ಆ ಮುದುಕಿಯನ್ನು ಬಾಯಿ ತುಂಬ ಬಯ್ಯಿರಿ, ಒಂದು ಪುಟ ಪೂರ್ತಿ ಬಿಟ್ಟುಕೊಡುತ್ತೇನೆ ಎಂದೆ.

"ತಮ್ಮಾ, ನಿನ್ನ ಕಥಿಗೆ ಬೇಕಂತ ನಾ ಯಾಕ ಬೈಲಿ? ಮುದುಕಿ ಸತ್ತು ಹತ್ತ ವರ್ಷಾತು. ನೀ ಸ್ವಲ್ಪ ಸರಿ, ನನ್ನ ಮಗಳ ಮಾರಿ ಕಾಣವಲ್ದು."

ಸರಿದು ನಿಂತೆ. ಸ್ನೇಹಲ್ ಕನ್ನಡಿಯ ಮುಂದಿದ್ದಳು. ಅವಳು ಕೇಳಿದ ಪ್ರಶ್ನೆಯನ್ನು ನಾನು ಬರೆದಿರಲಿಲ್ಲ.

"ಅವ್ವಾ, ನಾ ಅಳಲಿಲ್ಲೇನು?"

ಕಾಶವ್ವ ಗೋಡೆ ಹಿಡಿದು ಕೂತರು. ಮಂಚ ಹಾಕಿದ್ದರಲ್ಲ, ಅದರ ಮೇಲೆ ಕೂರಲಿಲ್ಲ, ನೆಲದ ಮೇಲೆ ಕೂತರು.

"ಒಂದ ಸಲ ಅತ್ತಿ. ಆಮ್ಯಾಲ ನಾ ನಿನ್ನ ಬಾಯಿ ಮ್ಯಾಲ ಕೈ ಇಟ್ಟೆ. ಅಲ್ಲಿ ಮಂತ್ರ ಮುಗೀವಲ್ಲವು. ನೀ ನೀಲಿಗಟ್ಟಿದಿ, ಆದ್ರೂ ತಗೀಲಿಲ್ಲ. ಸೂಲಗಿತ್ತಿ ಒಬ್ಬಾಕಿ ಒಳಗ ಬಂದು ನನ್ನ ಕೈ ಕಿತ್ತಳು." ಬಲಗೈ ಚಾಚಿ ತೋರಿಸಿದರು. "ಮುದುಕಿ ಸುಮ್ಮನಿರಸು ಅಂದಿದ್ದಳು, ಅಷ್ಟ. ಕೈ ನಂದ."

ಸಿದ್ರಾಮಪ್ಪನವರಿಗೂ ಇದು ಗೊತ್ತಿರಲಿಲ್ಲ. ಅವರ ಇಪ್ಪತ್ನಾಲ್ಕು ವರ್ಷದ ಸಿಟ್ಟು ಈಗ ಯಾರ ಮೇಲೆ ಹೋಗಬೇಕೋ ತಿಳಿಯದೆ ಅಲ್ಲೇ ನಿಂತಿತ್ತು. ಮುಕ್ತಾಯ ಒಂದನ್ನು ಹರಿದು ಹಾಕಿದೆ. ಇಷ್ಟು ಹೊತ್ತು ತಮಾಷೆ ಮಾಡಿದ್ದಕ್ಕೆ ನನಗೆ ನಾಚಿಕೆಯಾಯಿತು.

೭

ಅವಧೂತನಿಗೆ ಕನ್ನಡ ಬರುವುದಿಲ್ಲ. ಕೋಣೆ ಹಿಡಿಸಿತೇ, ವೈಶಾಖದ ತಾರೀಖು ಪಕ್ಕಾ ಮಾಡಲೇ, ಇನ್ನಿಬ್ಬರು ಕೇಳಿಕೊಂಡು ಹೋಗಿದ್ದಾರೆ ಎಂದ.

ಎಲ್ಲರೂ ಸ್ನೇಹಲ್ ಕಡೆ ನೋಡಿದರು. ಅವಳಿಗೆಂದು ನನ್ನ ಬಳಿ ಮೂರು ಡೈಲಾಗುಗಳಿವೆ. ಒಂದರಲ್ಲಿ ಅವ್ವನನ್ನು ಕ್ಷಮಿಸುತ್ತಾಳೆ. ಇನ್ನೊಂದರಲ್ಲಿ ಕ್ಷಮಿಸಲು ಏನಿದೆ ಎನ್ನುತ್ತಾಳೆ. ಮೂರನೆಯದರಲ್ಲಿ ಏನೂ ಹೇಳದೆ ಹೊರಗೆ ಹೋಗುತ್ತಾಳೆ, ವಿಮರ್ಶಕರಿಗೆ ಮೆಚ್ಚುಗೆಯಾಗುವುದು ಅದೇ. ಯಾವುದನ್ನೂ ಕೊಡುವುದಿಲ್ಲ. ನೀವು ಆರಿಸಿಕೊಳ್ಳಿ ಎಂದು ಜಾರಿಕೊಳ್ಳುವುದೂ ಇಲ್ಲ. ಅವಳ ಮಾತನ್ನು ಆರಿಸಲು ನೀವು ಯಾರು?

ಇಲ್ಲಿಗೆ ಕಥೆ ಮುಗಿಯಿತು ಎಂದು ಬರೆದರೆ ಅದೂ ಅವಳ ಬಾಯಿಯ ಮೇಲೆ ಇನ್ನೊಂದು ಕೈ ಇಟ್ಟ ಹಾಗೆಯೇ. ಅದಕ್ಕೆ ಮುಗಿಸುವುದಿಲ್ಲ. ಸ್ನೇಹಲ್ ಅವ್ವನ ಪಕ್ಕ ನೆಲದ ಮೇಲೆ ಕೂತಿದ್ದಾಳೆ, ಏನೋ ಹೇಳಲು ಶುರುಮಾಡಿದ್ದಾಳೆ. ನಾನು ಬರೆಯುವುದನ್ನು ಬಿಟ್ಟು ಕೇಳುತ್ತಿದ್ದೇನೆ.