ಉಳಿದ ಎರಡು ತೂತುಗಳು

ಎದುರು ಮನೆಯ ರೇಡಿಯೊ ಮತ್ತೆ ಜೋರಾಗಿದೆ, ಸುದ್ದಿ ಬಂದಾಗಿನಿಂದ ನಮಗಾಗಿ ದನಿ ತಗ್ಗಿಸಿದ್ದರು, ಕಿಟಕಿಯನ್ನೂ ಅರ್ಧ ಮುಚ್ಚಿದ್ದರು, ನಿನ್ನೆ ಶವಪೆಟ್ಟಿಗೆ ಮಣ್ಣಿಗಿಳಿಯಿತು, ಇವತ್ತು ಸೋಪಿನ ಜಾಹೀರಾತು, ಹವಾಮಾನ, ಯಾವುದೋ ಹಾಡು — ಒಳ್ಳೆಯದೇ ಆಯಿತು, ಆ ಸದ್ದಿನೊಳಗೆ ನನ್ನ ಸದ್ದೂ ಸೇರಿಹೋಗುತ್ತದೆ, ಸೇರದಿದ್ದರೂ ಸರಿ, ನಾನು ಗೋಡೆ ಕೊರೆಯುವವಳೇ. ಪೆಟ್ಟಿಗೆ ಖಾಲಿ. ಹಡಗು ಮುಳುಗಿದ ಕಡೆ ಯುದ್ಧ ಇನ್ನೂ ನಡೆಯುತ್ತಿದೆ, ಹುಡುಕಲು ಯಾರೂ ಹೋಗುವಂತಿಲ್ಲ, ಹಾಗೆಂದ ಅಧಿಕಾರಿ ಟೋಪಿಯನ್ನು ಕಂಕುಳಲ್ಲಿ ಅವುಚಿಕೊಂಡು ನಿಂತೇ ಇದ್ದ, ಕೂತುಕೊಳ್ಳಿ ಎಂದರೂ ಕೂರಲಿಲ್ಲ, ನಿಮ್ಮ ಯಜಮಾನರು ಕೊನೇವರೆಗೂ ತಮ್ಮ ಜಾಗ ಬಿಡಲಿಲ್ಲಮ್ಮ. ಯಾವ ಜಾಗ? ಉಗ್ರಾಣ. ನನ್ನ ಗಂಡ ಹಡಗಿನ ಉಗ್ರಾಣದಲ್ಲಿ ಸೋಪು, ಬಲ್ಬು, ಕಂಬಳಿ ಜೋಡಿಸುತ್ತಿದ್ದವನು, ಫಿರಂಗಿಯನ್ನು ಒರೆಸಿ ಕೂಡ ಗೊತ್ತಿಲ್ಲದವನು, ಬಿಡುವುದಕ್ಕೆ ಬಾಗಿಲಾದರೂ ಸಿಕ್ಕಿತ್ತೋ ಇಲ್ಲವೋ. ಅಧಿಕಾರಿ ಹೋಗುವಾಗ ಫೋಟೊ ಕೊಟ್ಟುಹೋದ, ಹಿತ್ತಾಳೆಯ ಕಟ್ಟು, ನನ್ನ ಸೊಂಟದೆತ್ತರ, ಅದರೊಳಗೆ ಸಮವಸ್ತ್ರದವನೊಬ್ಬ ತುಟಿ ಬಿಗಿದು ದೂರ ನೋಡುತ್ತಾನೆ — ನನ್ನವನು ಎಂದಾದರೂ ತುಟಿ ಮುಚ್ಚಿದ್ದುಂಟೆ, ನಿದ್ದೆಯಲ್ಲೂ ಬಾಯಿ ತೆರೆದೇ ಇರುತ್ತಿತ್ತು.

ನಾಳೆ ಸಂಜೆ ಪೇಪರಿನೋರು ಬರ್ತಾರೆ, ಬೆಳಗ್ಗೇನೇ ಬಂದು ಮೊಳೆ ಹೊಡೆದು ಫೋಟೊ ಹಾಕಿಬಿಡ್ತೀನಿ, ಅವನ ದೊಡ್ಡಪ್ಪ ನಿನ್ನೆಯೇ ಹೇಳಿಹೋಗಿದ್ದಾರೆ. ಈ ಮನೆಯಲ್ಲಿ ಏನನ್ನಾದರೂ ಹಾಕಬಹುದಾದ ಗೋಡೆ ಒಂದೇ, ಉಳಿದವುಗಳಲ್ಲಿ ಒಂದಕ್ಕೆ ಕಿಟಕಿ, ಒಂದಕ್ಕೆ ತೇವ, ಒಂದಕ್ಕೆ ಬೀರು ಅಡ್ಡ, ಆ ಒಂದೇ ಗೋಡೆಯಲ್ಲಿ ಸಾಮಾನಿಡುವ ಹಲಗೆಗೆಂದು ಅವನು ಕೊರೆದ ಎರಡು ತೂತುಗಳಿವೆ, ಇನ್ನೆರಡಕ್ಕೆ ಪೆನ್ಸಿಲ್ ಗುರುತು. ಕೊರೆಯುತ್ತಿದ್ದಾಗಲೇ ಕರೆ ಬಂದದ್ದು, ರಜೆ ರದ್ದು, ಕೆಳಗಿನ ಅಂಗಡಿಯ ಬೀಗದವನಿಂದ ಕೇಳಿ ತಂದ ಡ್ರಿಲ್ಲನ್ನು ಮಂಚದ ಕೆಳಗೆ ತಳ್ಳಿದ, ಬಂದು ಮುಗಿಸ್ತೀನಿ, ನೀನು ಮಾತ್ರ ಕೈ ಹಾಕ್ಬೇಡ, ಭೌತಶಾಸ್ತ್ರ ಎಂ.ಎಸ್ಸಿ. ಮಾಡಿದೋರು ಗೋಡೆ ಮುಟ್ಟಿದ್ರೆ ಕಟ್ಟಡಾನೇ ಬೀಳುತ್ತೆ. ಹಲಗೆಯನ್ನು ಮಾತ್ರ ಪೂರ್ತಿ ಮಾಡಿಟ್ಟಿದ್ದ, ಮುಂದಿನ ಅಂಚಿಗೆ ಎರಡು ಬೆರಳೆತ್ತರದ ಪಟ್ಟಿ, ಇದ್ಯಾಕೋ ಎಂದಿದ್ದೆ, ಹಡಗು ವಾಲಿದಾಗ ಸಾಮಾನು ಬೀಳಬಾರದಲ್ವಾ, ನಮ್ಮನೆ ಎಲ್ಲಿ ವಾಲುತ್ತೋ ಮಾರಾಯ, ನೀನು ಸಿಟ್ಟು ಮಾಡ್ಕೊಂಡಾಗ ವಾಲಲ್ವಾ.

ಡ್ರಿಲ್ಲಿನ ವೈರು ಸಿಕ್ಕಿಸಿ ಒತ್ತುತ್ತೇನೆ, ಮೊಣಕೈಯಿಂದ ಹಲ್ಲಿನವರೆಗೆ ನಡುಕ, ಇಟ್ಟಿಗೆಯ ಕೆಂಪು ಪುಡಿ ರೆಪ್ಪೆಯ ಮೇಲೆ, ಅತ್ತೆ ಒದ್ದೆ ಕೈಯಲ್ಲೇ ಓಡಿ ಬಂದರು, ಏನ್ ಮಾಡ್ತಿದ್ದೀಯೆ, ನಿನ್ನೆ ತಾನೆ ಮಣ್ಣು ಮಾಡಿ ಬಂದಿದ್ದೀವಿ, ಜನ ಏನಂದ್ಕೊಳ್ತಾರೆ. ಅಳಲಿಲ್ಲ ಅಂತ ಆಗ್ಲೇ ಅಂದ್ಕೊಂಡಿದ್ದಾರೆ ಅತ್ತೆ, ಅದರ ಜೊತೆ ಇದೂ ಸೇರ್ಲಿ. ಅತ್ತೆ ಹೋಗಲಿಲ್ಲ, ನಿಂತರು, ಅವನ ಎರಡು ತೂತಿಗೂ ನಾನು ಕೊರೆದ ಮೇಲಿನದಕ್ಕೂ ಸ್ಕ್ರೂ ಬಿಗಿದು ಹಲಗೆ ಕೂರಿಸುವಾಗ ಹೇಳದೆಯೇ ಒಂದು ತುದಿ ಹಿಡಿದರು. ನನ್ನ ಕಡೆ ವಾಲಿದೆ, ಗೊತ್ತು, ಇನ್ನೊಂದು ತೂತು ಬಾಕಿ. ಪೆನ್ಸಿಲ್ ಇಟ್ಟೆ. ಉರುಳಿತು, ಮುಂದಕ್ಕೆ, ಇನ್ನೂ ಮುಂದಕ್ಕೆ — ಪಟ್ಟಿಗೆ ತಗುಲಿ ನಿಂತಿತು. ಅತ್ತೆ ಅದನ್ನು ತೆಗೆದು ಮತ್ತೆ ಹಿಂದೆ ಇಟ್ಟರು, ಮತ್ತೆ ಉರುಳಿ ನಿಂತಿತು, ಮೂರನೇ ಸಲವೂ ಇಟ್ಟರು.

ಇದೇನಮ್ಮ, ಯುದ್ಧ ಇಲ್ಲೇ ಶುರು ಮಾಡಿದ್ಯಾ, ಬಾಗಿಲಲ್ಲಿ ದೊಡ್ಡಪ್ಪ, ಕೈಯಲ್ಲಿ ಸುತ್ತಿಗೆ, ಇಸ್ತ್ರಿ ಮಾಡಿದ ಅಂಗಿ, ತೆಗಿ ಅದನ್ನ, ಫೋಟೊಗೆ ಜಾಗ ಬೇಕು, ಅದೂ ಸೊಟ್ಟಗಿದೆ. ಸೊಟ್ಟಗೇ ಇರ್ಲಿ ದೊಡ್ಡಪ್ಪ, ನಾನು ತೆಗೆಯಲ್ಲ. ಹಟ ಮಾಡ್ಬೇಡ, ಅವನು ಈಗ ನಿನ್ನ ಗಂಡ ಅಷ್ಟೇ ಅಲ್ಲ ಕಣಮ್ಮ, ದೇಶದ ಮಗ. ನನ್ನ ಗಂಟಲಲ್ಲಿ ಉತ್ತರ ಇತ್ತು, ಇಟ್ಟಿಗೆ ಪುಡಿಯೂ ಇತ್ತು, ಕೆಮ್ಮಿದೆ, ಅಷ್ಟರಲ್ಲಿ ಅತ್ತೆ, ಈ ಮನೆಯಲ್ಲಿ ಭಾವನ ಎದುರು ಎಂದೂ ದನಿ ಎತ್ತದ ಅತ್ತೆ, ದೇಶದ ಮಗನ ಚಡ್ಡಿ ಒಗೆದೋಳು ನಾನು ಭಾವ, ದೇಶ ಅಲ್ಲ. ದೊಡ್ಡಪ್ಪ ಸುತ್ತಿಗೆಯನ್ನು ಆ ಕೈಯಿಂದ ಈ ಕೈಗೆ ಬದಲಾಯಿಸಿದರು. ಮತ್ತೆ ಪೇಪರಿನೋರಿಗೆ ಏನ್ ಹೇಳ್ಲಿ? ಸೋಪು ಜೋಡಿಸ್ತಿದ್ದ ಅಂತ ಬರೀರಿ ಅನ್ನಿ, ಎಂದೆ ನಾನು, ಬೀಳದ ಹಾಗೆ ಜೋಡಿಸ್ತಿದ್ದ ಅಂತ. ಅತ್ತೆ ಫೋಟೊವನ್ನು ಎರಡು ಕೈಯಲ್ಲಿ ಎತ್ತಿಕೊಂಡು ತಮ್ಮ ಹಾಸಿಗೆಯ ತಲೆದೆಸೆಗೆ ಒರಗಿಸಿದರು, ಇದು ನನಗೆ ಬೇಕು, ನೀನು ಏನೇ ಅನ್ನು. ಹೆತ್ತವರು ಅವರು, ಬಿಗಿದ ತುಟಿಯೂ ಅವರಿಗೆ ಬೇಕು.

ಕೊನೆಯ ತೂತು ಕೊರೆದೆ, ಕಷ್ಟದ್ದು, ಒಳಗೆ ಕಲ್ಲೋ ಏನೋ ಸಿಕ್ಕಿ ಹೊಗೆ ಬಂತು, ಬಿಡಲಿಲ್ಲ, ಸ್ಕ್ರೂ ಆಮೇಲೆ ಹಾಕಿದರಾಯಿತು, ಮೊದಲು ಈ ಡ್ರಿಲ್ಲನ್ನು ವಾಪಸು ಕೊಡಬೇಕು, ವೈರು ಕುತ್ತಿಗೆಗೆ ಸುತ್ತಿಕೊಂಡು ಮೆಟ್ಟಿಲು ಇಳಿದೆ, ದೊಡ್ಡಪ್ಪ ಗೋಡೆಗೆ ಅಂಟಿಕೊಂಡು ದಾರಿ ಬಿಟ್ಟರು. ಬೀಗದವನು ಒಂದು ಹಳೇ ಬೀಗವನ್ನು ಪಾದದಡಿ ಒತ್ತಿ ಹಿಡಿದು ಕೈತಿರುಪಿನ ಬೈರಿಗೆಯಲ್ಲಿ ಕೊರೆಯುತ್ತಿದ್ದ, ಇಷ್ಟು ದಿನ ಹೀಗೇ ಮಾಡಿದ್ದಾನೆ, ಮೇಲೆ ಬಂದು ಕೇಳಲಿಲ್ಲ, ನನ್ನನ್ನು ನೋಡಿ ಎದ್ದು ಬೈರಿಗೆಯನ್ನು ಬೆನ್ನ ಹಿಂದೆ ಬಚ್ಚಿಟ್ಟ. ಅಯ್ಯೋ, ಇದಕ್ಕೇನವಸರ ಇತ್ತಮ್ಮ, ನಿಮ್ಮ ಹತ್ರಾನೇ ಇರ್ಲಿ, ನಮ್ಮ ಸಮುದ್ರರಾಜ ಕೊನೇಗೆ ಮುಟ್ಟಿದ್ದು, ನೆನಪಿಗೆ ಇಟ್ಕೊಳ್ಳಿ. ಎಲ್ಲರೂ ನನಗೆ ನೆನಪು ಕೊಡುತ್ತಿದ್ದಾರೆ, ಮನೆ ತುಂಬಾ. ಕೊನೇಗೆ ಮುಟ್ಟಿದ್ದು ಅವನಲ್ಲ, ಎಂದೆ, ಹಿಡೀರಿ. ಬೀಗದವನಿಗೆ ಅರ್ಥವಾಗಲಿಲ್ಲ, ತೆಗೆದುಕೊಂಡ, ಅಭ್ಯಾಸಬಲದಿಂದ ಹೆಬ್ಬೆರಳನ್ನು ಉಕ್ಕಿನ ಮೊನೆಗೆ ಇಟ್ಟ, ಸ್ಸ್ ಎಂದು ಕೈ ಕೊಡವಿದ, ಬೆರಳು ನೋಡಿಕೊಂಡ, ನನ್ನನ್ನು ನೋಡಿದ, ನನ್ನ ರೆಪ್ಪೆಯ ಮೇಲಿನ ಪುಡಿಯನ್ನು — ಬಿಸಿ ಇದೆಯಲ್ಲಮ್ಮ. ಹೌದು, ಬಿಸಿ, ಈಗ ತಾನೆ ನಾನೇ ಕೊರೆದದ್ದು. ಕೆಂಪಾದ ಹೆಬ್ಬೆರಳು, ಬಿಸಿ ಉಕ್ಕು, ಹೆಬ್ಬೆರಳು, ಬಿಸಿ.