ಮಲ್ಲನ ಪಕ್ಕೆಯ ಸುಳಿ

ಕಂಪ್ಯೂಟರ್ ಕಲಿಯಲು ಹೋದಾಗ ನನಗೆ ನಲವತ್ತಾರು ವರ್ಷ. ಕಿಕ್ಕೇರಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟು ಇಪ್ಪತ್ತೆರಡು ವರ್ಷ ಆಗಿತ್ತು. ಕಪ್ಪುಬಿಳುಪಿನ ಕಾಲದಲ್ಲಿ ನೆಗೆಟಿವ್ ಮೇಲೆ ಚೂಪಾದ ಪೆನ್ಸಿಲ್ ಆಡಿಸಿ ಎಷ್ಟು ಜನರ ಸಿಡುಬಿನ ಕಲೆ ಮುಚ್ಚಿದ್ದೇನೋ, ಎಷ್ಟು ಮದುವೆ ಗಂಡುಗಳ ಮೊಡವೆ ತೆಗೆದಿದ್ದೇನೋ ನನಗೇ ಗೊತ್ತಿಲ್ಲ. ಅದಕ್ಕೆ ಟಚಿಂಗ್ ಅನ್ನುತ್ತಿದ್ದೆವು. ಕಲರ್ ಫಿಲಂ ಬಂದು ನನ್ನ ಪೆನ್ಸಿಲನ್ನು ಡ್ರಾಯರಿಗೆ ತಳ್ಳಿತು.

ತೊಂಬತ್ತೆಂಟರಲ್ಲಿ ಕೆ.ಆರ್. ಪೇಟೆ ಬಸ್ ಸ್ಟಾಂಡಿನ ಹತ್ತಿರ, ಗೊಬ್ಬರದ ಅಂಗಡಿಯ ಮಹಡಿಯಲ್ಲಿ ಒಂದು ಕಂಪ್ಯೂಟರ್ ಸೆಂಟರ್ ಶುರುವಾಯಿತು. ಫೋಟೋ ತಿದ್ದುವುದನ್ನೂ ಕಲಿಸುತ್ತಾರೆ ಎಂದು ಬೋರ್ಡು ಹಾಕಿದ್ದರು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ಒಳಗೆ ಟೀವಿಯಂಥ ಒಂದು ಡಬ್ಬ, ಅದಕ್ಕೆ ಕುಂಕುಮ, ಮುಂದೆ ಊದುಬತ್ತಿ. ಡಬ್ಬಕ್ಕೆ ಪೂಜೆ ಮಾಡುವ ಜನ ನನಗೆ ಕೆಲಸ ಕಲಿಸುತ್ತಾರಂತೆ. ಅಲ್ಲೇ ತಿರುಗಿ ಬರಬೇಕಿತ್ತು, ಬರಲಿಲ್ಲ.

ಕಲಿಸುವವಳು ಅರ್ಪಿತ ಎಂಬ ಹುಡುಗಿ, ಇಪ್ಪತ್ಮೂರು ವರ್ಷ ಇರಬಹುದು. ಮೊದಲನೇ ದಿನ ನಾನು ಡಬ್ಬದ ಪರದೆಯಲ್ಲಿದ್ದ ಒಬ್ಬ ಮದುವೆ ಗಂಡಿನ ಫೋಟೋದಲ್ಲಿ ಹುಬ್ಬಿನ ಮೇಲೆ ತಪ್ಪಿ ಒಂದು ಗೆರೆ ಎಳೆದೆ. ಅವಳು ಹಿಂದಿನಿಂದ ಹೇಳಿದಳು:

"ತಪ್ಪಾಯ್ತಾ ಸಾರ್? ಅಂಡೂ ಒತ್ತಿ."

ನಾನು ಕುರ್ಚಿಯಿಂದ ಎದ್ದೆ. "ಏನಮ್ಮಾ ಅಂದೆ?"

"ಅಂಡೂ ಸಾರ್. ಅಂಡೂ ಒತ್ತಿ, ಸರಿಯಾಗುತ್ತೆ."

"ನನ್ ಮಗಳ ವಯಸ್ಸು ನಿಂದು. ಎಂಥಾ ಮಾತಾಡ್ತಿಯೆ?"

ಹುಡುಗಿಯ ಮುಖ ಕೆಂಪಾಯಿತು. ಕಾಗದದ ಮೇಲೆ ಇಂಗ್ಲಿಷಿನಲ್ಲಿ Undo ಎಂದು ಬರೆದು ತೋರಿಸಿದಳು. ಮಾಡಿದ ತಪ್ಪನ್ನು ವಾಪಸ್ ತೆಗೆದುಕೊಳ್ಳುವುದಂತೆ. ಅದೂ ಒಂದೇ ಹೆಜ್ಜೆ. ಎರಡು ತಪ್ಪು ಮಾಡಿದರೆ ಮೊದಲನೆಯದು ಹಾಗೇ ಉಳಿಯುತ್ತದೆ. ನನಗೆ ನಗು ಬಂತು. ನೆಗೆಟಿವ್ ಮೇಲೆ ಕಲೆ ಕೆರೆಯುವ ಬ್ಲೇಡು ಜಾರಿದರೆ ಜಾರಿತು, ಗಿರಾಕಿಯ ಮೂಗು ಹೋಯಿತು. ಆ ಭಯದಲ್ಲೇ ನನ್ನ ಕೈ ಪಳಗಿದ್ದು. ವಾಪಸ್ ತೆಗೆದುಕೊಳ್ಳುವ ಕೆಲಸವೂ ಒಂದು ಕೆಲಸವೇ?

ಆಮೇಲೆ ಮುದ್ರೆಯ ಗುರುತಿರುವ ಒಂದು ಸಾಧನ ತೋರಿಸಿದಳು. ಒಳ್ಳೆಯ ಜಾಗದ ಚರ್ಮವನ್ನು ಎತ್ತಿಕೊಂಡು ಕೆಟ್ಟ ಜಾಗಕ್ಕೆ ಮೆತ್ತುವುದು. ನಾವು ಕೈ ಆಡಿಸಿದ ಹಾಗೆ ಎತ್ತುವ ಜಾಗವೂ ಪಕ್ಕದಲ್ಲೇ ಸರಿಯುತ್ತಾ ಹೋಗುತ್ತದೆ ಎಂದು ಅವಳು ಹೇಳಿದ್ದು ನನ್ನ ತಲೆಗೆ ಹೋಗಲಿಲ್ಲ. ಗಂಡಿನ ಕೆನ್ನೆಯ ಮಚ್ಚೆ ಮುಚ್ಚಲು ಹೋಗಿ ಅಲ್ಲೊಂದು ಮೂಗಿನ ಹೊಳ್ಳೆ ಮೂಡಿಸಿದೆ. ಪಕ್ಕದಲ್ಲಿ ಕಲಿಯುತ್ತಿದ್ದವರೆಲ್ಲ ಎದ್ದು ಬಂದು ನೋಡಿ ನಕ್ಕರು.

ಆ ವಾರವೇ ಹೊನ್ನಪ್ಪ ನನ್ನ ಸ್ಟುಡಿಯೋಗೆ ಬಂದ. ಪ್ರೈಮರಿಯಲ್ಲಿ ನನ್ನ ಜೊತೆ ಓದಿದವನು. ಓದಿದ ಅನ್ನುವುದು ಗೌರವಕ್ಕೆ.

"ಲೇ ಚಿಕ್ಕಸ್ವಾಮಿ, ಕಂಪ್ಯೂಟ್ರು ಕಲೀತಾ ಇದ್ದೀಯಂತೆ? ಎಮ್ಮೆ ಮೇಯ್ಸೋ ವಯಸ್ನಲ್ಲಿ."

"ನಿನ್ನ ಮೇಯ್ಸದ್ಕಿಂತ ವಾಸಿ ಕಣ್ಲಾ. ಏನು ಬಂದೆ?"

"ಅತ್ಗೆ ಎತ್ತಿನ್ದು ಒಂದು ಫೋಟೋ ಆಗ್ಬೇಕು."

ಅವನ ಅಣ್ಣ ದ್ಯಾವಯ್ಯ ತೀರಿಕೊಂಡು ಒಂದು ವರ್ಷ ಆಗಿತ್ತು. ಅತ್ತಿಗೆ ಬೆಟ್ಟಮ್ಮನ ಹಟ್ಟಿಯಲ್ಲಿ ಉಳಿದದ್ದು ಮಲ್ಲ ಎಂಬ ಒಂಟಿ ಎತ್ತು. ಜೊತೆಯ ಎತ್ತು ಬೇಸಗೆಯಲ್ಲಿ ಸತ್ತಿತ್ತು. ಮಲ್ಲನ ಬಲಪಕ್ಕೆಯ ಮೇಲೆ ಹೆಬ್ಬೆರಳ ಉಗುರಿನಷ್ಟು ಒಂದು ಸುಳಿ. ಆ ಜಾಗದಲ್ಲಿ ಕೂದಲು ಸುತ್ತಿಕೊಂಡಿದ್ದರೆ ಕಟ್ಟಿದ ಮನೆಗೆ ಸಾವು ಎಂದು ನಮ್ಮ ಜನ ನಂಬುತ್ತಾರೆ. ದ್ಯಾವಯ್ಯ ಸತ್ತದ್ದು ಕುಡಿದು ಲಿವರು ಕೆಟ್ಟು. ಬಾಟಲಿಯ ಮೇಲೆ ಯಾರಿಗೂ ಸುಳಿ ಕಾಣಲಿಲ್ಲ, ಎತ್ತಿನ ಮೇಲೆ ಕಂಡಿತು. ಸುತ್ತ ಹತ್ತು ಊರಿನಲ್ಲಿ ಮಲ್ಲನನ್ನು ಕೊಳ್ಳುವವರಿರಲಿಲ್ಲ.

"ನಾಗಮಂಗಲದ ಕಡೆ ಕರಿಯಯ್ಯ ಅಂತ ಒಬ್ಬ ಮುದ್ಕ ಅವ್ನೆ," ಅಂದ ಹೊನ್ನಪ್ಪ. "ಅವ್ನ ಎತ್ಗೆ ಜೊತೆ ಬೇಕಂತೆ. ಸೊಂಟ ನೋವು, ಮೊದ್ಲು ಫೋಟೋ ಕಳ್ಸಿ ಅಂದವ್ನೆ. ನೀನು ಆ ಸುಳಿ ಒಂದು ಅಳ್ಸಿಬುಡು."

"ಬಂದು ನೋಡ್ದಾಗ?"

"ಆ ಜಾಗಕ್ಕೆ ಸಗಣಿ ಮೆತ್ತಿ ನಿಲ್ಸ್ತೀನಿ. ಆಗ್ಲಿಲ್ವಾ, ಬರೋ ಶುಕ್ರವಾರ ಲಾರಿ ಬತ್ತದೆ. ಅತ್ಗೆ ಎಷ್ಟು ಗೋಳಾಡುದ್ರೂ ಏರ್ಸಿ ಕಳುಸ್ತೀನಿ."

ಆ ಲಾರಿ ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಯಾರಿಗೂ ಹೇಳಬೇಕಾಗಿರಲಿಲ್ಲ.

ಫೋಟೋ ತೆಗೆಯಲು ಹೋದಾಗ ಬೆಟ್ಟಮ್ಮ ಮಲ್ಲನ ಮೈ ತೊಳೆದು, ಕೊಂಬಿಗೆ ಎಣ್ಣೆ ಹಚ್ಚಿ ನಿಲ್ಲಿಸಿದ್ದಳು. ಹೊನ್ನಪ್ಪ ಅತ್ತ ಹೋದ ಮೇಲೆ ಹತ್ತಿರ ಬಂದಳು.

"ಅಣ್ಣಯ್ಯ, ಸುಳಿ ಕಾಣಂಗೇ ತಗಿ. ನೋಡಿಯೂ ಬೇಕು ಅನ್ನೋನು ಬಂದ್ರೆ ಮಲ್ಲ ಬದುಕ್ತಾನೆ. ಮೋಸದಲ್ಲಿ ಓದ್ರೆ ನಾಳೆ ಅವ್ರೇ ಲಾರಿಗೆ ಆಕ್ತಾರೆ."

ಹೂಂ ಅಂದೆ. ಹೂಂ ಅನ್ನುವುದಕ್ಕೆ ನನಗೇನು ಕಷ್ಟ? ಆದರೆ ಒಳಗೆ ಬೇರೆ ಲೆಕ್ಕ ನಡೆದಿತ್ತು. ಕೂದಲು ಯಾವ ಕಡೆ ತಿರುಗಿದೆ ಎಂದು ನೋಡಿ ಎತ್ತು ಕೊಳ್ಳುವ ಮುದುಕನಿಗೆ ಮೋಸವಾದರೆ ಆಗಲಿ ಅನ್ನಿಸಿತು. ಅದಕ್ಕಿಂತ ಹೆಚ್ಚಾಗಿ, ಮೂಗಿನ ಹೊಳ್ಳೆ ನೋಡಿ ನಕ್ಕವರ ಮುಂದೆ ನನ್ನ ಕೈ ಏನೆಂದು ತೋರಿಸಬೇಕಿತ್ತು.

ಮೈಸೂರಿನ ಲ್ಯಾಬಿನಿಂದ ಪ್ರಿಂಟು ಬಂದ ದಿನ ಅದನ್ನು ಸ್ಕ್ಯಾನ್ ಮಾಡಿಸಿ ಸೆಂಟರಿನಲ್ಲಿ ಕೂತೆ. ಮೊದಲ ಸಲ ಮಲ್ಲನ ಪಕ್ಕೆಯಿಂದ ಒಂದು ಕಿವಿ ಹೊರಟಿತು. "ಅಂಡು," ಎಂದು ಜೋರಾಗಿಯೇ ಹೇಳಿ ಒತ್ತಿದೆ. ಅರ್ಪಿತ ಬಾಯಿಗೆ ಕೈ ಅಡ್ಡ ಹಿಡಿದಳು. ಎರಡನೇ ಸಲ ಬಣ್ಣ ಕೂಡಲಿಲ್ಲ. ಮೂರನೇ ಸಲ ಡಬ್ಬದ ಮಾತು ಬಿಟ್ಟು ನನ್ನ ಪೆನ್ಸಿಲಿನ ಮಾತು ಕೇಳಿದೆ. ಸುಳಿಯ ಪಕ್ಕದ ಕೂದಲನ್ನೇ ಚೂರು ಚೂರಾಗಿ ಎತ್ತಿ, ಕೂದಲು ಮಲಗಿದ ದಿಕ್ಕಿನಲ್ಲೇ ಇಟ್ಟುಕೊಂಡು ಬಂದೆ. ಎರಡು ಗಂಟೆ ಹಿಡಿಯಿತು.

"ಸಾರ್, ಎಲ್ಲಿತ್ತು ಅಂತ್ಲೇ ಗೊತ್ತಾಗಲ್ಲ," ಅಂದಳು ಅರ್ಪಿತ. ಉಳಿದವರು ಮತ್ತೆ ಎದ್ದು ಬಂದರು. ಈ ಸಲ ಯಾರೂ ನಗಲಿಲ್ಲ. ಅಲ್ಲೇ ಪ್ರಿಂಟು ತೆಗೆಸಿ ಹೊನ್ನಪ್ಪನ ಕೈಗೆ ಕೊಟ್ಟೆ.

ಮಂಗಳವಾರ ಹೊನ್ನಪ್ಪ ನಾಗಮಂಗಲದಿಂದ ಬಂದವನೇ ಫೋಟೋವನ್ನು ನನ್ನ ಮೇಜಿನ ಮೇಲೆ ಎಸೆದ.

"ಬ್ಯಾಡ ಅಂದ್ಬುಟ್ಟ."

"ಯಾಕ್ಲಾ? ಕಂಡುಹಿಡಿದನಾ?"

"ಕಂಡಿದ್ರೆ ಚೆಂದಾಗಿತ್ತು. ಅವ್ನ ಎತ್ಗೂ ಅದೇ ಜಾಗದಲ್ಲಿ ಅದೇ ಸುಳಿ ಅದೆಯಂತೆ. ಕುಜದೋಸದ ಗಂಡ್ಗೆ ಕುಜದೋಸದ ಎಣ್ಣು ಉಡ್ಕದಂಗೆ ಉಡುಕ್ತಾವ್ನೆ. ಎರ್ಡೂ ಸೇರುದ್ರೆ ದೋಸ ಕಳೀತದಂತೆ. ಕಿಕ್ಕೇರಿ ತಾವು ಸುಳಿ ಎತ್ತು ಅದೆ ಅಂತ ಕೇಳಿಯೇ ಫೋಟೋ ಕೇಳುದ್ನಂತೆ. ಈ ನುಣ್ಣನೆ ಎತ್ತು ನಂಗ್ಯಾಕ್ಲಾ ಅಂದ."

"ನೀನೇನಂದೆ?"

"ಕಂಪ್ಯೂಟ್ರಲ್ಲಿ ಅಳ್ಸಿರೋದು ಅಂದೆ. ದೊಣ್ಣೆ ತಗಂಡ."

ಹೊನ್ನಪ್ಪನಂಥ ದಡ್ಡ ನಮ್ಮ ಹೋಬಳಿಯಲ್ಲಿ ಇಲ್ಲ ಎಂದುಕೊಂಡಿದ್ದೆ. ಅವನ ಮಾತು ಕೇಳಿ ಸುಳಿ ಅಳಿಸಿದವನೊಬ್ಬ ಇದ್ದ.

ಬುಧವಾರ ನಾನೇ ಬಸ್ಸು ಹತ್ತಿದೆ. ಲ್ಯಾಬಿನಲ್ಲಿ ತೆಗೆಸಿದ ಅಸಲು ಪ್ರಿಂಟು ಇತ್ತು, ನೆಗೆಟಿವೂ ಇತ್ತು. ಕರಿಯಯ್ಯ ಜಗುಲಿಯ ಮೇಲೆ ಸೊಂಟಕ್ಕೆ ಟವಲು ಬಿಗಿದುಕೊಂಡು ಕೂತಿದ್ದ. ಸುಳಿ ಇರುವ ಪ್ರಿಂಟನ್ನು ಮುಂದಿಟ್ಟೆ.

"ಅಳ್ಸಿದೋನು ನೀನೇಯಾ?" ಅಂದ.

"ನಾನೇ. ಇದು ಅಸಲು."

"ಇರೋ ಸುಳಿ ಅಳ್ಸಕ್ಕೆ ಬತ್ತದೆ ಅಂದ್ಮೇಲೆ ಇಲ್ದೆ ಇರೋ ಸುಳಿ ಬರಿಯಕ್ಕೂ ಬತ್ತದಲ್ಲ?"

ನನಗೆ ರೇಗಿತು. ನೆಗೆಟಿವ್ ತೆಗೆದು ಬೆಳಕಿಗೆ ಹಿಡಿದು ತೋರಿಸಿದೆ. ಕೆಂಚು ಬಣ್ಣದಲ್ಲಿ ಕಪ್ಪಾಗಿ ನಿಂತ ಮಲ್ಲನನ್ನು ಮುದುಕ ಒಂದು ಕಣ್ಣು ಮುಚ್ಚಿ ನೋಡಿದ.

"ಇದ್ಯಾವ್ ದೆವ್ವನಪ್ಪ," ಎಂದು ವಾಪಸ್ ಕೊಟ್ಟ. "ನಿನ್ ಕಾಗದ ಬ್ಯಾಡ. ಎತ್ತು ಇದ್ರೆ ತೋರ್ಸು. ನಾನು ಬಸ್ಸು ಅತ್ತೋನಲ್ಲ."

ಇಪ್ಪತ್ತೆರಡು ವರ್ಷ ನನ್ನ ಫೋಟೋ ನೋಡಿ ಜನ ಹೆಣ್ಣು ಒಪ್ಪಿದ್ದರು, ಗಂಡು ಒಪ್ಪಿದ್ದರು, ಸತ್ತವರಿಗೆ ಹಾರ ಹಾಕಿದ್ದರು. ಎರಡು ಗಂಟೆಯ ಕೆಲಸದಲ್ಲಿ ಅದನ್ನೆಲ್ಲ ನಾನೇ ಒರೆಸಿ ಹಾಕಿದ್ದೆ. ಇದನ್ನು ವಾಪಸ್ ತೆಗೆದುಕೊಳ್ಳುವ ಗುಂಡಿ ಎಲ್ಲಿದೆಯೋ ಅರ್ಪಿತಳನ್ನು ಕೇಳಬೇಕಿತ್ತು.

ಗುರುವಾರ ಬೆಳಿಗ್ಗೆ ಬಾಡಿಗೆ ಟೆಂಪೋ ತಂದೆ. ಹೊನ್ನಪ್ಪ ಅಡ್ಡ ಬಂದು, "ಇದೇನ್ಲಾ ನಾಟ್ಕ?" ಅಂದ. ಅವನಿಗೆ ಏನು ಹೇಳಿದೆನೋ ಅದನ್ನು ಇಲ್ಲಿ ಬರೆಯುವ ಹಾಗಿಲ್ಲ. ಬೆಟ್ಟಮ್ಮ ಹಿಂದೆ ಮಲ್ಲನ ಪಕ್ಕದಲ್ಲೇ ಹಗ್ಗ ಹಿಡಿದು ನಿಂತಳು. ದಾರಿಯಲ್ಲಿ, "ಕಾಣಂಗೇ ತಗಿ ಅಂದಿದ್ದೆ," ಅಂದಳು. ನಾನು ರಸ್ತೆ ನೋಡಿಕೊಂಡು ಕೂತೆ.

ಕರಿಯಯ್ಯ ಕೋಲೂರಿಕೊಂಡು ಇಳಿದು ಬಂದ. ಹಲ್ಲು ನೋಡಲಿಲ್ಲ, ಗೊರಸು ನೋಡಲಿಲ್ಲ. ನೇರ ಬಲಪಕ್ಕೆಗೆ ಬಂದು ಸುಳಿಯ ಮುಂದೆ ಬಗ್ಗಿದ. ಹೆಬ್ಬೆರಳಿಗೆ ಎಂಜಲು ಹಚ್ಚಿಕೊಂಡು ಉಜ್ಜಿದ. ಬೆರಳನ್ನು ಬಿಸಿಲಿಗೆ ಹಿಡಿದು ಬಣ್ಣ ಬಂತೇ ಎಂದು ನೋಡಿದ. ಮತ್ತೆ ಎಂಜಲು ಹಚ್ಚಿ ಇನ್ನೂ ಜೋರಾಗಿ ಉಜ್ಜಿದ. ಮಲ್ಲ ಚರ್ಮ ಅದುರಿಸಿ ಬಾಲ ಬೀಸಿದ. ಒದ್ದೆ ಕೂದಲು ಸುತ್ತಿಕೊಂಡು ಮತ್ತೆ ಮೊದಲಿನ ಹಾಗೇ ಕೂತಿತು.

"ಓಗಲ್ಲ ಕಣವ್ವ," ಅಂದ ಬೆಟ್ಟಮ್ಮನಿಗೆ. "ಉಟ್ಟಿದ್ದೇಯ."

"ಉಟ್ಟಿದ್ದೇ ಕಣಣ್ಣ. ನಾನೇ ಸಾಕ್ದೋಳು."

ತನ್ನ ಎತ್ತನ್ನು ಕೊಟ್ಟಿಗೆಯಿಂದ ಬಿಚ್ಚಿಸಿ ತಂದು ಮಲ್ಲನ ಪಕ್ಕ ನಿಲ್ಲಿಸಿದ. ಅದೇ ಎತ್ತರ, ಅದೇ ಬೂದಿ ಬಣ್ಣ, ಅದೇ ಜಾಗದಲ್ಲಿ ಅದೇ ಸುಳಿ. ಬೆಟ್ಟಮ್ಮ ಹಗ್ಗವನ್ನು ಅವನ ಕೈಗೆ ಕೊಟ್ಟು ಸೆರಗಿನಿಂದ ಮುಖ ಒರೆಸಿಕೊಂಡಳು.

ಅಂಥ ಜೋಡಿ ಮತ್ತೆ ಸಿಗುವುದಿಲ್ಲ ಎಂದು ನಾನು ಬ್ಯಾಗಿನಿಂದ ಕ್ಯಾಮೆರಾ ತೆಗೆದೆ. ಕರಿಯಯ್ಯ ತಿರುಗಿ ನೋಡಿದವನೇ ಎರಡು ಎತ್ತುಗಳ ಮುಂದೆ ಬಂದು, ಎರಡೂ ಕೈ ಅಗಲಿಸಿ ನಿಂತ.

"ನೀನು ಬ್ಯಾಡಪ್ಪ," ಅಂದ. "ಅಳ್ಸಿಬುಟ್ಟೀಯೆ."