ಮುಚ್ಚಿದ ದಾರಿಯ ಬಾಯಿ

ಕೆಳಗಿನ ತಿರುವಿನಲ್ಲಿ ಜೀಪಿನ ಹಾರ್ನ್ ಕೇಳಿಸಿತು. ಎರಡು ಚಿಕ್ಕದು, ಒಂದು ಉದ್ದ. ಕಾಡಿನ ಗಾರ್ಡು ಪೊದೆಯ ಹಿಂದೆ ಇನ್ನಷ್ಟು ಮುದುಡಿ ಕೂತ. ಕೈ ತಾನಾಗಿ ಕೊರಳಿನ ಸೀಟಿಯ ಮೇಲೆ ಹೋಗಿ, ಹಾಗೇ ಇಳಿಯಿತು. ಪ್ರತಿ ಭಾನುವಾರ ಆ ಹಾರ್ನಿಗೆ ಇವನ ಸೀಟಿಯೇ ಉತ್ತರ. ಬಾರಣ್ಣ, ಟೀಗೆ ನೀರಿಟ್ಟಿದ್ದೇನೆ ಎಂದು ಅದರ ಅರ್ಥ. ಇವತ್ತು ಯಾವ ಬಾಯಲ್ಲಿ ಊದುವುದು?

ಬರುತ್ತಿದ್ದವನು ಒಬ್ಬ ಮಾಜಿ ಮೆಕ್ಯಾನಿಕ್. ಜ್ಯಾಕ್ ಜಾರಿ ಮೊಣಕಾಲು ಜಜ್ಜಿಹೋದ ಮೇಲೆ ಗ್ಯಾರೇಜಿಗೆ ಬೀಗ ಹಾಕಿ, ಹಳೇ ಸಾಮಾನು ಕೂಡಿಸಿ ಕಟ್ಟಿದ ಒಂದು ಜೀಪನ್ನು ಮಾತ್ರ ಇಟ್ಟುಕೊಂಡಿದ್ದ. ಕಾಲು ಕೈಕೊಟ್ಟರೇನಂತೆ, ಚಕ್ರ ಇವೆಯಲ್ಲ ಎನ್ನುತ್ತಿದ್ದ. ಗಾರ್ಡು ತನ್ನ ಹೆಂಡತಿ ತೀರಿಕೊಂಡ ವರ್ಷ ತಾನಾಗಿ ಕೇಳಿಕೊಂಡು ಗುಡ್ಡದ ಮೇಲಿನ ಈ ಕಾವಲುಮನೆಗೆ ಬಂದಿದ್ದ. ಯಾರೊಂದಿಗೂ ಮಾತು ಬೇಡ ಎಂದು ಬಂದವನಿಗೆ ಒಂದು ದಿನ ತನ್ನ ದನಿಯೇ ಬೇರೆ ಯಾರದೋ ಅನ್ನಿಸಿ ಹೆದರಿಕೆಯಾಯಿತು. ಆಗಲೇ ಹುಲ್ಲುಗಾವಲು ದಾಟಿಕೊಂಡು ಆ ಜೀಪು ಬಂದದ್ದು. ಇಳಿದವನು ಗುರುತು ಪರಿಚಯ ಏನೂ ಇಲ್ಲದೆ ಇವನನ್ನು 'ಗಾರ್ಡಪ್ಪ' ಎಂದು ಕರೆದು, ಕುಡಿಯಲು ನೀರು ಕೇಳಿದ್ದ.

ಅಂದಿನಿಂದ ವಾರವಾರವೂ ಬರುತ್ತಿದ್ದ. ವಾರದ ಪೇಪರು, ಟಾರ್ಚಿಗೆ ಸೆಲ್ಲು, ಪೇಟೆಯ ಹರಟೆ ಎಲ್ಲ ಅವನ ಜೊತೆ ಬರುತ್ತಿದ್ದವು. ಸಂಜೆಯವರೆಗೂ ಇಸ್ಪೀಟು. ಮೋಸ ಮಾಡುತ್ತಿದ್ದ, ಸಿಕ್ಕಿಬಿದ್ದರೆ ಮೊಣಕಾಲು ನೋವು ಎಂದು ನರಳುತ್ತಿದ್ದ. ಹೊರಡುವಾಗ ಎಲೆಗಳಿಗೆ ರಬ್ಬರ್ ಬ್ಯಾಂಡ್ ಹಾಕಿ ಜೇಬಿಗಿಳಿಸುತ್ತಿದ್ದ. ಇಲ್ಲೇ ಇಟ್ಟು ಹೋಗಣ್ಣ ಎಂದು ಗಾರ್ಡು ಒಮ್ಮೆ ಕೇಳಿದ್ದಕ್ಕೆ ನಕ್ಕಿದ್ದ.

"ಇದು ನನ್ನ ಹತ್ರಾನೇ ಇರ್ಲಿ ಗಾರ್ಡಪ್ಪ. ನಿನ್ನ ಕೈಗೆ ಕೊಟ್ರೆ ಒಬ್ನೇ ಆಡ್ತಾ ಕೂರ್ತೀಯ. ಆಮೇಲೆ ನನ್ನ ದಾರಿ ಯಾರು ಕಾಯ್ತಾರೆ?"

ತೊಂದರೆಯೆಂದರೆ, ಒಬ್ಬನ ಚಕ್ರದ ಗುರುತು ಹತ್ತು ಜನಕ್ಕೆ ಕರೆಯೋಲೆ. ಅವನ ಜಾಡು ಹಿಡಿದು ರಜೆಯ ದಿನಗಳಲ್ಲಿ ಮೋಜಿನ ಜೀಪುಗಳು ಬಂದವು, ಬೈಕುಗಳು ಬಂದವು. ಕೆಸರಾದಲ್ಲಿ ಬಳಸಿಕೊಂಡು ಹೋದರು, ಬಳಸಿದ್ದೂ ಕೆಸರಾಯಿತು, ಅದನ್ನೂ ಬಳಸಿದರು. ಜೌಗಿನ ಹುಲ್ಲೆಲ್ಲ ಹರಿದ ಚಾಪೆಯಂತಾಯಿತು. ನೆಲದ ಮೇಲೆ ಮೊಟ್ಟೆಯಿಡುವ ಹಕ್ಕಿಗಳು ಬರುವುದನ್ನೇ ಬಿಟ್ಟವು. ಕೊನೆಗೆ ಮೇಲಿನಿಂದ ಅಪ್ಪಣೆ ಬಂತು: ಕಳ್ಳದಾರಿಗಳನ್ನೆಲ್ಲ ಮುಚ್ಚಬೇಕು, ಗಸ್ತಿಗೆಂದು ಒಂದನ್ನು ಬಿಡಬಹುದು, ಯಾವುದನ್ನೆಂದು ಗಾರ್ಡೇ ಹೇಳಲಿ.

"ನಿನ್ನ ದಾರಿ ಮುಚ್ಚಲ್ಲ ಅಣ್ಣ, ನನ್ನ ಮಾತು ನಂಬು" ಎಂದು ಇವನು ಎಲೆ ಹಂಚುತ್ತಲೇ ಮಾತು ಕೊಟ್ಟುಬಿಟ್ಟಿದ್ದ. ಮೆಕ್ಯಾನಿಕ್ ತನ್ನ ಎಲೆಗಳನ್ನು ಜೋಡಿಸಿಕೊಂಡ. ಅವತ್ತು ಮೋಸ ಮಾಡಲಿಲ್ಲ.

ಮಾರನೆಯ ದಿನ ಗಸ್ತು ತಿರುಗುವಾಗ ಜಾಡಿನಂಚಿನಲ್ಲಿ ಒಂದು ಗೂಡು ಕಂಡಿತು. ಎಷ್ಟೋ ವರ್ಷಗಳ ನಂತರದ ಮೊದಲ ಗೂಡು. ಮೊಟ್ಟೆಗಳು ಮಣ್ಣಿನಲ್ಲಿ ಅಪ್ಪಚ್ಚಿಯಾಗಿದ್ದವು, ಮೇಲೆ ಟೈರಿನ ಅಚ್ಚು. ಜೀಪಿನ ಹಿಂದಿನ ಎಡಚಕ್ರಕ್ಕೆ ಬೇರೆ ಜಾತಿಯ ಟೈರು ಹಾಕಿದವನು ಈ ಸೀಮೆಯಲ್ಲಿ ಒಬ್ಬನೇ. ತಾಯಿಹಕ್ಕಿ ಅಲ್ಲೇ ಸುತ್ತುತ್ತಾ ಇವನನ್ನು ಕಂಡು ಕೂಗಿಕೊಂಡಿತು. ಗಾರ್ಡು ತಲೆಯ ಮೇಲೆ ಕೈಹೊತ್ತು ಕೂತುಬಿಟ್ಟ. ಅವತ್ತೇ ಕಚೇರಿಗೆ ಹೇಳಿಕಳಿಸಿದ, ಗುಡ್ಡದ ಆಚೆಬದಿಯ ದಾರಿ ಇರಲಿ, ಇದನ್ನು ಮುಚ್ಚಿ ಎಂದು.

ಯಂತ್ರ ಬಂದು ಗಟ್ಟಿಯಾದ ಜಾಡನ್ನು ಉತ್ತು ಸಡಿಲ ಮಾಡಿ ಹೋಯಿತು. ದಾರಿಯ ಬಾಯಿ ಮಾತ್ರ ಗಾರ್ಡಿನ ಕೆಲಸ. ಸರಪಳಿ ಕಟ್ಟಿದರೆ ಕತ್ತರಿಸುತ್ತಾರೆ, ಫಲಕ ನೆಟ್ಟರೆ ಛಲಕ್ಕೆ ಬೀಳುತ್ತಾರೆ. ಅಲ್ಲೊಂದು ದಾರಿ ಇತ್ತೆಂದೇ ಕಾಣದ ಹಾಗೆ ಮಾಡಬೇಕು. ಪೊದೆಗಳನ್ನು ಬೇರುಮಣ್ಣಿನ ಸಮೇತ ತಂದು ನೆಟ್ಟ. ಒಣಮರ ಎಳೆದು ಅಡ್ಡ ಹಾಕಿದ, ತರಗೆಲೆ ಹರಡಿದ. ಕೊನೆಯಲ್ಲಿ ಸೊಪ್ಪಿನ ಕೊಂಬೆಯಿಂದ ತನ್ನ ಹೆಜ್ಜೆಗಳನ್ನು ತಾನೇ ಗುಡಿಸುತ್ತಾ ಹಿಂದುಹಿಂದಕ್ಕೆ ನಡೆದ. ಕೆಲಸ ಕಲಿಸಿದ ಹಿರಿಯರು ಹೇಳಿಕೊಟ್ಟ ಕ್ರಮ ಅದು. ಇಷ್ಟು ಚೆನ್ನಾಗಿ ಅವನು ಹಿಂದೆಂದೂ ಮಾಡಿರಲಿಲ್ಲ.

ಮೆಕ್ಯಾನಿಕ್‌ಗೆ ಹೇಳುವುದೊಂದು ಉಳಿಯಿತು. ಫೋನು ಸಿಗುವ ಬಂಡೆಯವರೆಗೂ ಹೋಗಿ ವಾಪಸು ಬಂದ. ಹೇಳಿದರೆ ಮೊಟ್ಟೆಯ ಮಾತೂ ಹೇಳಬೇಕು. ಪಾಪ, ಅದನ್ನು ಕೇಳಿದರೆ ಆ ಮನುಷ್ಯ ಮತ್ತೆ ಸ್ಟಿಯರಿಂಗ್ ಮುಟ್ಟುವವನಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡ. ನಾಳೆ ನಾಳೆ ಅನ್ನುತ್ತಲೇ ಭಾನುವಾರ ಬಂದುಬಿಟ್ಟಿತು.

ಜೀಪು ಪೊದೆಗಳ ಮುಂದೆಯೇ ಹಾದು ಹೋಯಿತು. ಸ್ವಲ್ಪ ಹೊತ್ತಿಗೆ ತಿರುಗಿ ಬಂತು, ಮತ್ತೆ ಹೋಯಿತು. ಮಂಜು ಕವಿದ ದಿನವೂ ಈ ತಿರುವನ್ನು ತಪ್ಪಿಸದವನು! ಮೂರನೇ ಸಲ ನಿಂತಿತು. ಮೆಕ್ಯಾನಿಕ್ ಕೋಲೂರಿ ಇಳಿದು ಪೊದೆಗಳನ್ನು ದಿಟ್ಟಿಸುತ್ತಾ ನಿಂತ. ಆಮೇಲೆ ಒಳಗೆ ಕೈಹಾಕಿ ಇನ್ನೊಂದು ಸಲ ಹಾರ್ನ್ ಒತ್ತಿ ಕಿವಿಗೊಟ್ಟ. ಗಾರ್ಡು ಉಸಿರು ಬಿಗಿಹಿಡಿದ. ಈಗಲೂ ಎದ್ದು ಹೋಗಬಹುದು, ಅಣ್ಣಾ ತಪ್ಪಾಯ್ತು ಅನ್ನಬಹುದು, ಇಲ್ಲೇ ರಸ್ತೆಬದಿಯಲ್ಲಿ ಕೂತು ಎರಡು ಕೈ ಆಡಬಹುದು. ಕೂತಲ್ಲೇ ಕೂತಿದ್ದ.

ಮೆಕ್ಯಾನಿಕ್ ಕುಂಟುತ್ತಾ ಹತ್ತಿರ ಬಂದ. ಒಂದು ಮೂಲೆಯಲ್ಲಿ ಹಳೆಯ ಜಾಡಿನ ಗೇಣುದ್ದದ ಗೀರು ಮುಚ್ಚದೆ ಉಳಿದಿತ್ತು. ಗಾರ್ಡಿಗೆ ಅದು ಈಗಲೇ ಕಂಡದ್ದು. ಮೆಕ್ಯಾನಿಕ್ ಒಂದು ಒಣಕೊಂಬೆಯನ್ನು ಕೋಲಿನಿಂದ ಎಳೆದು ಅದರ ಮೇಲೆ ಹಾಕಿದ. ನೋವಿನ ಕಾಲನ್ನು ಪಕ್ಕಕ್ಕೆ ಚಾಚಿ, ಬಗ್ಗಿ, ಒಂದಿಷ್ಟು ತರಗೆಲೆ ಉದುರಿಸಿ ಅಂಗೈಯಿಂದ ತಟ್ಟಿದ. ಎದ್ದು ಕೈ ಒರೆಸಿಕೊಂಡು ಜೀಪಿನಿಂದ ಪೇಪರಿನ ಕಟ್ಟು ತಂದು ರಸ್ತೆಯ ಕಲ್ಲಿನ ಮೇಲಿಟ್ಟು, ಹಾರದಂತೆ ಅದರ ಮೇಲೆ ಏನೋ ಹೇರಿದ. ಜೀಪು ಇಳಿದು ಹೋಯಿತು. ಹೋಗುವಾಗ ತಿರುವಿನಲ್ಲಿ ಯಾವಾಗಲೂ ಹಾಕುವ ಹಾರ್ನು ಹಾಕಲಿಲ್ಲ.

ಸದ್ದು ಪೂರಾ ಅಡಗಿದ ಮೇಲೆ ಗಾರ್ಡು ಹೊರಗೆ ಬಂದ. ಪೇಪರಿನ ಮೇಲೆ ಇಸ್ಪೀಟಿನ ಕಟ್ಟು ಇತ್ತು, ರಬ್ಬರ್ ಬ್ಯಾಂಡ್ ಹಾಕಿದ್ದು. ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ರಸ್ತೆ ನೋಡಿದ. ಯಾರೂ ಬರಲಿಲ್ಲ.

ಕಟ್ಟನ್ನು ಜೇಬಿಗೆ ಹಾಕಿಕೊಂಡ. ಒಂದು ಸೊಪ್ಪಿನ ಕೊಂಬೆ ಮುರಿದುಕೊಂಡು, ರಸ್ತೆಯ ಕಡೆಗೇ ಮುಖ ಮಾಡಿ, ಮೊದಲು ಅವನ ಹೆಜ್ಜೆಗಳನ್ನು, ಆಮೇಲೆ ತನ್ನವನ್ನು ಗುಡಿಸುತ್ತಾ ಹಿಂದುಹಿಂದಕ್ಕೆ ಗುಡ್ಡ ಹತ್ತಿದ.